ಧಾಟಿ ಹಳೆಯದು, ಸಾಹಿತ್ಯ ಹೊಸದು: ಹಕ್ಕು ಯಾರದು?

ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಡಾಬಸ್‌ಪೇಟೆಯ ಬಳಿ ಇರುವ ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಆಯುಧಪೂಜೆಯ ದಿನ ಯಂತ್ರಗಳಿಗೆ ವಿಶ್ರಾಂತಿ, ಧ್ವನಿವರ್ಧಕಗಳಿಗೆ ಕೆಲಸ. ಲೇತ್ ಯಂತ್ರಕ್ಕೆ ಅರಿಶಿನ ಕುಂಕುಮ, ಲಾರಿಗೆ ಬಾಳೆಕಂದು, ಗೇಟಿನ ಮುಂದೆ ಒಡೆದ ಬೂದುಗುಂಬಳ. ಇವುಗಳ ಜೊತೆಗೆ ಬೆಳಗಿನಿಂದಲೇ ಭಕ್ತಿಗೀತೆಗಳು. ಗಮನವಿಟ್ಟು ಆಲಿಸಿದವರಿಗೆ ಕೆಲವು ಹಾಡುಗಳ ವಿಷಯದಲ್ಲಿ ಒಂದು ಸಂಗತಿ ಹೊಳೆಯುತ್ತದೆ. ಸಾಹಿತ್ಯದಲ್ಲಿ ದೇವರ ನಾಮವಿದೆ, ಆದರೆ ಧಾಟಿ ಹಿಂದೊಮ್ಮೆ ಜನಪ್ರಿಯವಾಗಿದ್ದ ಚಲನಚಿತ್ರದ್ದು. ಶಿವಗಂಗೆಯ ಬೆಟ್ಟ ಇರುವ ಇದೇ ಹೋಬಳಿಯಲ್ಲಷ್ಟೇ ಅಲ್ಲ, ನಾಡಿನ ಯಾವುದೇ ಜಾತ್ರೆಯಲ್ಲಿ ಇಂತಹ ಹಾಡುಗಳು ಕೇಳಿಬರುತ್ತವೆ. ಡಿಸೆಂಬರ್ ತಿಂಗಳು ಬಂದಾಗ ಹಳೆಯ ಇಂಗ್ಲಿಷ್ ಪಾಪ್ ಗೀತೆಗಳ ಧಾಟಿಗೆ ಯೇಸುವಿನ ಸ್ತುತಿಯನ್ನು ಹೊಂದಿಸಿ ಹಾಡುವ ಗಾಯನ ತಂಡಗಳೂ ಇವೆ.

ಕೇಳುಗರಿಗೆ ಇದರಲ್ಲಿ ಆಕ್ಷೇಪವಿಲ್ಲ. ಪರಿಚಿತ ಧಾಟಿಯು ಹೊಸ ಸಾಹಿತ್ಯವನ್ನು ಬೇಗ ಮನಸ್ಸಿಗೆ ಮುಟ್ಟಿಸುತ್ತದೆ ಎಂಬುದು ಎಲ್ಲ ಧರ್ಮಗಳ ಅನುಭವ. ಆದರೆ ಅದೇ ಹಾಡನ್ನು ಅಚ್ಚು ಹಾಕಿಸಿ ಮಾರಿದಾಗ, ಜಾಹೀರಾತಿಗೆ ಬಳಸಿದಾಗ ಅಥವಾ ತಯಾರಿಸಿದ ಉಪಕರಣದೊಳಗೆ ತುಂಬಿ ಬಿಲ್ಲು ಹರಿದಾಗ ಅದು ವ್ಯಾಪಾರವಾಗುತ್ತದೆ. ಆಗ ಧಾಟಿಯೂ ಉಕ್ಕು, ತಾಮ್ರ, ರಟ್ಟಿನ ಪೆಟ್ಟಿಗೆಗಳಂತೆ ಒಂದು ಕಚ್ಚಾ ಸಾಮಗ್ರಿ. ಅದನ್ನು ಯಾರಿಂದ ಪಡೆಯಲಾಯಿತು, ಎಷ್ಟು ಕೊಡಲಾಯಿತು ಎಂಬುದಕ್ಕೆ ದಾಖಲೆ ಬೇಕು. ಪೂಜೆಯಲ್ಲಿ ಹಾಡುವುದಕ್ಕೂ ಮಾರಾಟಕ್ಕಾಗಿ ಹಾಡುವುದಕ್ಕೂ ಕಾನೂನು ಇಟ್ಟಿರುವ ಈ ಅಂತರವನ್ನು ವರ್ತಕರು ಮತ್ತು ಸಣ್ಣ ಉದ್ಯಮಿಗಳು ಸ್ಪಷ್ಟವಾಗಿ ಅರಿತಿರುವುದು ಅವಶ್ಯ.

ಎರವಲು ಧಾಟಿಯ ಹಿಂದಿನ ಪರಂಪರೆ

ಧಾಟಿಯನ್ನು ಎರವಲು ಪಡೆಯುವ ಪದ್ಧತಿ ಇಂದಿನದಲ್ಲ. ಹಳೆಯ ಭಜನೆ ಪುಸ್ತಕಗಳಲ್ಲಿಯೂ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿಯೂ ಪದ್ಯದ ತಲೆಯ ಮೇಲೆ ಇಂತಹ ಹಾಡಿನ 'ಮಟ್ಟು' ಅಥವಾ 'ಧಾಟಿ' ಎಂದು ಮುದ್ರಿಸುವುದು ವಾಡಿಕೆಯಾಗಿತ್ತು. ಎರವಲನ್ನು ಮರೆಮಾಚುತ್ತಿರಲಿಲ್ಲ; ಓದುಗನಿಗೆ ಸಹಾಯವಾಗಲೆಂದು ಮೂಲವನ್ನು ತಿಳಿಸುತ್ತಿದ್ದರು.

ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷ್ ಬ್ಯಾಂಡುಗಳ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಅಳವಡಿಸಿ ರಚಿಸಿದ ಕೃತಿಗಳು 'ನೊಟ್ಟುಸ್ವರ ಸಾಹಿತ್ಯ' ಎಂದು ಪ್ರಸಿದ್ಧವಾಗಿವೆ. ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯಲ್ಲಿಯೂ ಅವರು ದೇವಿಯ ಸ್ತುತಿಯನ್ನು ರಚಿಸಿದ್ದಾರೆ. ವಿದೇಶೀ ಧಾಟಿಗೆ ಸ್ವದೇಶೀ ಭಕ್ತಿಯನ್ನು ತೊಡಿಸಿದ ಈ ಪ್ರಯೋಗವನ್ನು ಸಂಗೀತ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಕಲಿಯುತ್ತಾರೆ.

ಕನ್ನಡ ಕ್ರೈಸ್ತರಲ್ಲಿ ಇದಕ್ಕೆ ಎರಡು ಮಾರ್ಗಗಳು ಕಂಡುಬರುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿಯೇ ಮುದ್ರಣಾಲಯವನ್ನು ಸ್ಥಾಪಿಸಿತು. ಮಿಷನ್ ಸಭೆಗಳಲ್ಲಿ ಐರೋಪ್ಯ ಕೀರ್ತನೆಗಳ ಧಾಟಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡುವ ರೂಢಿ ಬೆಳೆಯಿತು. ಇದು ಒಂದು ಮಾರ್ಗ. ನಿಘಂಟಿನಿಂದ ನಾಡಿಗೆ ಪರಿಚಿತರಾದ ಫರ್ಡಿನೆಂಡ್ ಕಿಟ್ಟೆಲ್ ಅವರು ಇನ್ನೊಂದು ಮಾರ್ಗವನ್ನು ಹಿಡಿದರು. 1862ರಲ್ಲಿ ಪ್ರಕಟವಾದ ತಮ್ಮ 'ಕಥಾಮಾಲೆ'ಯಲ್ಲಿ ಅವರು ಯೇಸುವಿನ ಚರಿತ್ರೆಯನ್ನು ದೇಶೀಯ ಪದ್ಯರೂಪದಲ್ಲಿಯೇ ಹೇಳಿದರು. ಒಂದರಲ್ಲಿ ಧಾಟಿ ಹೊರಗಿನದು, ಮಾತು ಒಳಗಿನದು. ಇನ್ನೊಂದರಲ್ಲಿ ಕಥೆ ಹೊರಗಿನದು, ಕಟ್ಟು ಒಳಗಿನದು.

ಐರೋಪ್ಯ ಕೀರ್ತನೆಗಳಲ್ಲಿಯೂ ಹಲವು ಮೊದಲಿಗೆ ಲೌಕಿಕ ಹಾಡುಗಳೇ ಆಗಿದ್ದವು. ಜರ್ಮನಿಯ ಹ್ಯಾನ್ಸ್ ಲಿಯೋ ಹ್ಯಾಸ್ಲರ್ 1601ರಲ್ಲಿ ಪ್ರಕಟಿಸಿದ ಒಂದು ಪ್ರಣಯಗೀತೆಯ ಧಾಟಿಯೇ ಕೆಲವು ವರ್ಷಗಳಲ್ಲಿ ಧಾರ್ಮಿಕ ಸಾಹಿತ್ಯಕ್ಕೆ ಹೊಂದಿಕೊಂಡಿತು. ಮುಂದೆ ಬಾಖ್ ಅದನ್ನು ಯೇಸುವಿನ ಯಾತನೆಯನ್ನು ಕುರಿತ ತನ್ನ ಮಹಾಕೃತಿಯಲ್ಲಿ ಬಳಸಿದನು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಬೂತ್ ಸ್ಥಾಪಿಸಿದ ಸಾಲ್ವೇಷನ್ ಆರ್ಮಿಯು ಮದ್ಯವನ್ನು ಹೊಗಳುತ್ತಿದ್ದ 'ಷಾಂಪೇನ್ ಚಾರ್ಲಿ' ಎಂಬ ಹಾಡಿನ ಧಾಟಿಗೂ ದೈವಸ್ತುತಿಯನ್ನು ಅಳವಡಿಸಿ ಬೀದಿಯಲ್ಲಿ ಹಾಡಿತು. ಜನರು ಎಲ್ಲಿದ್ದಾರೋ ಅಲ್ಲಿಯ ಧಾಟಿಯನ್ನೇ ಹಿಡಿಯಬೇಕು ಎಂಬುದು ಅವರ ವ್ಯವಹಾರ ಜ್ಞಾನವಾಗಿತ್ತು.

ರಾಕ್ ಯುಗದ ಪಾಠಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಈ ಪದ್ಧತಿಯು ಒಂದು ಉದ್ಯಮವಾಗಿಯೇ ಬೆಳೆಯಿತು. ಸಂಚಾರ ಎರಡೂ ದಿಕ್ಕಿನಲ್ಲಿತ್ತು. 1954ರಲ್ಲಿ ರೇ ಚಾರ್ಲ್ಸ್ ಹಾಡಿದ 'ಐ ಗಾಟ್ ಎ ವುಮನ್' ಎಂಬ ಪ್ರೇಮಗೀತೆಯು 'ಇಟ್ ಮಸ್ಟ್ ಬಿ ಜೀಸಸ್' ಎಂಬ ಭಕ್ತಿಗೀತೆಯನ್ನು ಆಧರಿಸಿತ್ತು. ಅಲ್ಲಿ ಪ್ರಾರ್ಥನಾ ಮಂದಿರದ ಧಾಟಿ ಮಾರುಕಟ್ಟೆಗೆ ಬಂದಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ 1992ರಲ್ಲಿ ಆರಂಭವಾದ 'ಅಪಾಲಜೆಟಿಕ್ಸ್' ತಂಡವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿ, ಪ್ರಸಿದ್ಧ ರಾಕ್ ಮತ್ತು ಪಾಪ್ ಗೀತೆಗಳ ಧಾಟಿಗೆ ಬೈಬಲಿನ ಕಥೆಗಳನ್ನು ಅಳವಡಿಸಿ ಹೆಸರಾಯಿತು.

ಇಂತಹ ಹಾಡುಗಳ ಕಾನೂನಿನ ಸ್ಥಿತಿಯನ್ನು ತಿಳಿಯಲು ಮೂರು ಪ್ರಸಂಗಗಳು ಸಾಕು.

ಮೊದಲನೆಯದು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರದು. 1970ರಲ್ಲಿ ಹೊರಬಂದ ಅವರ 'ಮೈ ಸ್ವೀಟ್ ಲಾರ್ಡ್' ಕ್ರೈಸ್ತರ ಹಲ್ಲೆಲೂಯಾ ಮತ್ತು ಕೃಷ್ಣನಾಮ ಎರಡನ್ನೂ ಒಳಗೊಂಡ ಭಕ್ತಿಗೀತೆ. ಅದರ ಧಾಟಿಯು ಷಿಫಾನ್ಸ್ ತಂಡವು 1963ರಲ್ಲಿ ಹಾಡಿದ್ದ 'ಹಿ ಈಸ್ ಸೋ ಫೈನ್' ಎಂಬ ಪ್ರೇಮಗೀತೆಯದೆಂದು ಆ ಗೀತೆಯ ಹಕ್ಕುದಾರ ಸಂಸ್ಥೆಯು ದಾವೆ ಹೂಡಿತು. ಹ್ಯಾರಿಸನ್ ಉದ್ದೇಶಪೂರ್ವಕವಾಗಿ ನಕಲು ಮಾಡಲಿಲ್ಲ, ಆದರೆ ಅರಿವಿಲ್ಲದೆಯೇ ನಕಲು ನಡೆದಿದೆ ಎಂದು ನ್ಯೂಯಾರ್ಕಿನ ನ್ಯಾಯಾಲಯವು 1976ರಲ್ಲಿ ತೀರ್ಪಿತ್ತಿತು. ಹಾಡಿನ ಗಳಿಕೆಯಲ್ಲಿ ಆ ಧಾಟಿಗೆ ಸಲ್ಲಬೇಕಾದ ಪಾಲು 15,99,987 ಡಾಲರ್ ಎಂದು ಲೆಕ್ಕ ಹಾಕಲಾಯಿತು. ವ್ಯಾಜ್ಯ ನಡೆಯುತ್ತಿರುವಾಗಲೇ ಹ್ಯಾರಿಸನ್ ಅವರ ಮಾಜಿ ವ್ಯವಸ್ಥಾಪಕರು ಆ ಗೀತೆಯ ಹಕ್ಕನ್ನು 5,87,000 ಡಾಲರಿಗೆ ಕೊಂಡುಕೊಂಡಿದ್ದರಿಂದ, ಅವರಿಗೆ ಅದಕ್ಕಿಂತ ಹೆಚ್ಚಿನ ಲಾಭ ಸಲ್ಲದೆಂದು 1981ರಲ್ಲಿ ನ್ಯಾಯಾಲಯವು ಮೊತ್ತವನ್ನು ಅಷ್ಟಕ್ಕೇ ಇಳಿಸಿತು. ಸದುದ್ದೇಶವಾಗಲಿ ಭಕ್ತಿಯ ವಸ್ತುವಾಗಲಿ ಧಾಟಿಯ ಮೇಲಿನ ಹಕ್ಕನ್ನು ಅಳಿಸುವುದಿಲ್ಲ ಎಂಬುದು ಈ ಪ್ರಸಂಗದ ಸಾರ.

ಎರಡನೆಯದು ಅಣಕು ಹಾಡಿನದು. ರಾಯ್ ಆರ್ಬಿಸನ್ ಅವರ ಹಳೆಯ ಗೀತೆಯೊಂದನ್ನು ಬಳಸಲು 'ಟು ಲೈವ್ ಕ್ರೂ' ತಂಡವು ಅನುಮತಿ ಕೇಳಿತು. ಹಕ್ಕುದಾರರು ನಿರಾಕರಿಸಿದರೂ ತಂಡವು ತನ್ನ ಅಣಕು ಹಾಡನ್ನು ಬಿಡುಗಡೆ ಮಾಡಿತು. ಹಣ ಗಳಿಸಿದ ಮಾತ್ರಕ್ಕೆ ಅಣಕವು ಅನ್ಯಾಯದ ಬಳಕೆಯಾಗದು ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಹೇಳಿತು. ಆದರೆ ಮೂಲ ಹಾಡನ್ನೇ ಕುರಿತು ಟೀಕಿಸುವ ಅಣಕಕ್ಕೂ, ಜನರ ಗಮನ ಸೆಳೆಯಲು ಮಾತ್ರ ಪರಿಚಿತ ಧಾಟಿಯನ್ನು ಬಳಸುವುದಕ್ಕೂ ಅದು ವ್ಯತ್ಯಾಸವನ್ನು ಗುರುತಿಸಿತು. ಕೊನೆಗೆ ಉಭಯ ಪಕ್ಷಗಳೂ ರಾಜಿಯಾಗಿ ತಂಡವು ಪರವಾನಗಿಯನ್ನು ಪಡೆಯಿತು. ಹಳೆಯ ಪ್ರೇಮಗೀತೆಯ ಧಾಟಿಯಲ್ಲಿ ಬೈಬಲಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆ ಪ್ರೇಮಗೀತೆಯನ್ನು ಟೀಕಿಸುತ್ತಿರುವುದಿಲ್ಲ. ಆದುದರಿಂದ ಅಣಕದ ರಕ್ಷಣೆ ಅವರಿಗೆ ಎಲ್ಲ ಸಂದರ್ಭಗಳಲ್ಲಿಯೂ ದೊರೆಯುತ್ತದೆ ಎನ್ನಲಾಗದು. ಅಮೆರಿಕದ ಅತ್ಯಂತ ಜನಪ್ರಿಯ ಅಣಕುಗಾರ 'ವಿಯರ್ಡ್ ಆಲ್' ಯಾಂಕೊವಿಕ್ ಮೂಲ ಕಲಾವಿದರ ಒಪ್ಪಿಗೆ ಪಡೆದೇ ಹಾಡುವುದನ್ನು ರೂಢಿಸಿಕೊಂಡಿರುವುದು ಗಮನಾರ್ಹ.

ಮೂರನೆಯದು ಯಾವ ತಕರಾರಿಗೂ ಆಸ್ಪದವಿಲ್ಲದ ಜಾಣ ಮಾರ್ಗ. 'ಬ್ಲೈಂಡ್ ಬಾಯ್ಸ್ ಆಫ್ ಅಲಬಾಮ' ತಂಡವು 2001ರಲ್ಲಿ 'ಅಮೇಜಿಂಗ್ ಗ್ರೇಸ್' ಕೀರ್ತನೆಯನ್ನು 'ಹೌಸ್ ಆಫ್ ದಿ ರೈಸಿಂಗ್ ಸನ್' ಹಾಡಿನ ಧಾಟಿಯಲ್ಲಿ ಹಾಡಿತು. ಈ ಧಾಟಿಯು 1964ರಲ್ಲಿ ಅನಿಮಲ್ಸ್ ಎಂಬ ರಾಕ್ ತಂಡದಿಂದ ಜಗತ್ಪ್ರಸಿದ್ಧವಾಗಿದ್ದರೂ ಮೂಲತಃ ಜಾನಪದದ್ದು. ಕೀರ್ತನೆಯ ಸಾಹಿತ್ಯವಂತೂ ಹದಿನೆಂಟನೆಯ ಶತಮಾನದ್ದು. ಕೇಳುಗರಿಗೆ ಹಳೆಯ ರಾಕ್ ಗೀತೆಯ ಪರಿಚಯದ ಸುಖ ದೊರೆಯಿತು. ತಂಡವು ಬಳಸಿದ ಧಾಟಿಯಾಗಲಿ ಸಾಹಿತ್ಯವಾಗಲಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ.

ಕರ್ನಾಟಕದ ಧ್ವನಿಸುರುಳಿ ಕಾಲ

ಕರ್ನಾಟಕದಲ್ಲಿ ಈ ಪ್ರಶ್ನೆಯು ವ್ಯಾಪಾರದ ರೂಪವನ್ನು ತಳೆದದ್ದು 1980ರ ದಶಕದ ನಂತರ ಧ್ವನಿಸುರುಳಿಗಳು ಮನೆಮನೆಗೆ ತಲುಪಿದಾಗ. ಅದಕ್ಕೆ ಮುನ್ನ ಹಾಡನ್ನು ಅಚ್ಚು ಹಾಕಲು ದೊಡ್ಡ ಬಂಡವಾಳ ಬೇಕಿತ್ತು. ಧ್ವನಿಸುರುಳಿಯಿಂದಾಗಿ ಸಣ್ಣ ಸಂಸ್ಥೆಗಳೂ ಜಾತ್ರೆ, ವ್ರತ, ಹಬ್ಬಗಳನ್ನು ಅನುಸರಿಸಿ ಭಕ್ತಿಗೀತೆಗಳನ್ನು ತಯಾರಿಸುವಂತಾಯಿತು. ಅಯ್ಯಪ್ಪನ ವ್ರತದ ಕಾಲಕ್ಕೆ ಒಂದು, ಗಣೇಶನ ಹಬ್ಬಕ್ಕೆ ಒಂದು, ಕ್ರಿಸ್‌ಮಸ್ಸಿಗೆ ಒಂದು ಎಂಬಂತೆ ಬೇಡಿಕೆ ಇತ್ತು. ಅವಸರದಲ್ಲಿ ಹೊಸ ರಾಗ ಸಂಯೋಜನೆಗೆ ಸಮಯವಿಲ್ಲದಿದ್ದಾಗ ಚಿತ್ರಗೀತೆಯ ಧಾಟಿಯೇ ಆಧಾರವಾಯಿತು. ಉತ್ತರ ಭಾರತದಲ್ಲಿಯೂ ಇದೇ ಬೆಳವಣಿಗೆ ಕಂಡುಬಂದಿದ್ದನ್ನು ಪೀಟರ್ ಮ್ಯಾನ್ಯುಯಲ್ ಎಂಬ ವಿದ್ವಾಂಸರು 1993ರಲ್ಲಿ ಪ್ರಕಟವಾದ 'ಕ್ಯಾಸೆಟ್ ಕಲ್ಚರ್' ಗ್ರಂಥದಲ್ಲಿ ವಿವರಿಸಿದ್ದಾರೆ.

ಆಗಿನ ಕೃತಿಸ್ವಾಮ್ಯ ಅಧಿನಿಯಮದ ಕಲಂ 52(1)(ಜೆ) ಪ್ರಕಾರ, ಮೊದಲ ಧ್ವನಿಮುದ್ರಣದ ವರ್ಷ ಮುಗಿದು ಎರಡು ವರ್ಷಗಳಾದ ಮೇಲೆ ಹಕ್ಕುದಾರರಿಗೆ ನೋಟೀಸು ನೀಡಿ, ನಿಗದಿತ ರಾಯಲ್ಟಿ ಸಲ್ಲಿಸಿ, ಅದೇ ಹಾಡನ್ನು ಬೇರೆ ಗಾಯಕರಿಂದ ಹಾಡಿಸಿ ಮಾರಲು ಅವಕಾಶವಿತ್ತು. ಈ 'ವರ್ಷನ್' ಧ್ವನಿಮುದ್ರಣಗಳ ಬಗ್ಗೆ ಕರ್ನಾಟಕದ ನ್ಯಾಯಾಲಯಗಳಲ್ಲಿ ಆರಂಭವಾದ ಗ್ರಾಮಫೋನ್ ಕಂಪನಿ ಮತ್ತು ಮಾರ್ಸ್ ರೆಕಾರ್ಡಿಂಗ್ ಸಂಸ್ಥೆಗಳ ನಡುವಿನ ವ್ಯಾಜ್ಯವು 2001ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು ಎಂಬುದರಿಂದಲೇ ಇದರ ವಾಣಿಜ್ಯ ಮಹತ್ವವನ್ನು ಊಹಿಸಬಹುದು.

ಒಂದು ಹಾಡು, ಮೂರು ಹಕ್ಕುಗಳು

ವರ್ತಕರು ಮೊದಲು ಮನಗಾಣಬೇಕಾದ ಅಂಶವೆಂದರೆ ಹಾಡು ಒಂದೇ ಸ್ವತ್ತಲ್ಲ. ಸಾಹಿತ್ಯವು ಕವಿಯ ಕೃತಿ. ಧಾಟಿಯು ಸಂಗೀತ ಸಂಯೋಜಕರ ಕೃತಿ. ಕಲಂ 2(ಪಿ) ನೀಡುವ ವ್ಯಾಖ್ಯೆಯ ಪ್ರಕಾರ ಸಂಗೀತ ಕೃತಿಯಲ್ಲಿ ಪದಗಳು ಸೇರುವುದೇ ಇಲ್ಲ. ಧ್ವನಿಮುದ್ರಣವು ಅದನ್ನು ತಯಾರಿಸಿದ ನಿರ್ಮಾಪಕರ ಸ್ವತ್ತು. ಆದುದರಿಂದ ಸಾಹಿತ್ಯವನ್ನು ಪೂರ್ಣವಾಗಿ ಬದಲಾಯಿಸಿದ ಮಾತ್ರಕ್ಕೆ ಧಾಟಿಯ ಹಕ್ಕು ಹೋಗುವುದಿಲ್ಲ. ಮೂರು ಬೀಗಗಳಿರುವ ಕೋಣೆಯಲ್ಲಿ ಒಂದು ಬೀಗವನ್ನಷ್ಟೇ ತೆಗೆದಂತಾಗುತ್ತದೆ.

ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣದ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. ಉದಾಹರಣೆಗೆ, ಕನ್ನಡದ ಪ್ರಸಿದ್ಧ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು 1993ರಲ್ಲಿ ನಿಧನರಾದರು. ಅವರೊಬ್ಬರೇ ಸಂಯೋಜಿಸಿದ ಧಾಟಿಗಳ ಮೇಲಿನ ಹಕ್ಕು 2053ರ ಅಂತ್ಯದವರೆಗೆ ಇರುತ್ತದೆ. ಆ ಹಕ್ಕು ಯಾರ ಕೈಯಲ್ಲಿದೆ ಎಂಬುದನ್ನು ಒಪ್ಪಂದಗಳಿಂದ ತಿಳಿಯಬೇಕು. ಪಾಶ್ಚಾತ್ಯ ಪಾಪ್ ಗೀತೆಗಳಿಗೂ ಅಂತರರಾಷ್ಟ್ರೀಯ ಒಪ್ಪಂದಗಳ ಮೂಲಕ ಭಾರತದಲ್ಲಿ ರಕ್ಷಣೆ ಇದೆ. 'ಹಾಡು ವಿದೇಶದ್ದು, ಇಲ್ಲಿ ಕೇಳುವವರಿಲ್ಲ' ಎಂಬ ನಂಬಿಕೆ ಅಪಾಯಕರ.

ಇನ್ನೊಂದು ಸೂಕ್ಷ್ಮವೂ ಇದೆ. ದಾಸರ ಪದಗಳ ಮತ್ತು ವಚನಗಳ ಸಾಹಿತ್ಯದ ಮೇಲೆ ಯಾರಿಗೂ ಹಕ್ಕಿಲ್ಲ. ಆದರೆ ಅವುಗಳಿಗೆ ಇತ್ತೀಚಿನ ಸಂಯೋಜಕರು ಹಾಕಿದ ಧಾಟಿಗೂ, ಪ್ರಸಿದ್ಧ ಗಾಯಕರು ಹಾಡಿದ ಧ್ವನಿಮುದ್ರಣಕ್ಕೂ ಹಕ್ಕು ಇರಬಹುದು. ಜಾನಪದ ಧಾಟಿಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಧಾಟಿ ಸಮುದಾಯದ್ದು, ಧ್ವನಿಮುದ್ರಣ ಸಂಸ್ಥೆಯದು.

2012ರ ತಿದ್ದುಪಡಿಯ ನಂತರ

2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯು ಹಳೆಯ ವರ್ಷನ್ ಪದ್ಧತಿಯನ್ನು ಬಿಗಿಗೊಳಿಸಿ ಕಲಂ 31ಸಿ ಎಂಬ ಹೊಸ ಕಲಮನ್ನು ಸೇರಿಸಿತು. ಇದರ ಮುಖ್ಯ ಷರತ್ತುಗಳು ಹೀಗಿವೆ: ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷಗಳು ಕಳೆದಿರಬೇಕು, ಮುಂಚಿತವಾಗಿ ನೋಟೀಸು ಮತ್ತು ಹೊದಿಕೆಯ ಪ್ರತಿಗಳನ್ನು ಕೊಡಬೇಕು, ರಾಯಲ್ಟಿಯನ್ನು ಮುಂಗಡವಾಗಿ ಸಲ್ಲಿಸಬೇಕು, ಇದು 'ಕವರ್ ವರ್ಷನ್' ಎಂದು ಹೊದಿಕೆಯ ಮೇಲೆ ತಿಳಿಸಬೇಕು, ಲೆಕ್ಕಪುಸ್ತಕಗಳನ್ನು ಇಟ್ಟು ಹಕ್ಕುದಾರರ ತಪಾಸಣೆಗೆ ಒದಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾಂತ್ರಿಕವಾಗಿ ಅಗತ್ಯವಾದುದನ್ನು ಬಿಟ್ಟು ಸಾಹಿತ್ಯದಲ್ಲಿಯಾಗಲಿ ಸಂಗೀತದಲ್ಲಿಯಾಗಲಿ ಯಾವುದೇ ಬದಲಾವಣೆ ಮಾಡಕೂಡದು.

ಈ ಕೊನೆಯ ಷರತ್ತಿನಲ್ಲಿಯೇ ನಮ್ಮ ವಿಷಯದ ತಿರುಳಿದೆ. ಪ್ರೇಮಗೀತೆಯನ್ನು ಭಕ್ತಿಗೀತೆಯಾಗಿಸುವುದೆಂದರೆ ಸಾಹಿತ್ಯವನ್ನೇ ಬದಲಾಯಿಸುವುದು. ಆದುದರಿಂದ ಅದು ಕವರ್ ವರ್ಷನ್ ಅಲ್ಲ. ಶಾಸನಬದ್ಧ ಪರವಾನಗಿಯ ಬಾಗಿಲು ಅದಕ್ಕೆ ತೆರೆಯುವುದಿಲ್ಲ. ಧಾಟಿಯ ಹಕ್ಕುದಾರರಿಂದ ನೇರವಾಗಿ ಲಿಖಿತ ಅನುಮತಿ ಪಡೆಯುವುದೊಂದೇ ಸುರಕ್ಷಿತ ದಾರಿ.

ಬದಲಾವಣೆಯಿಲ್ಲದ ಕವರ್ ವರ್ಷನ್ ಸಹ ಸಣ್ಣ ತಯಾರಕರಿಗೆ ಅಗ್ಗವಲ್ಲ. ಪ್ರತಿ ಕೃತಿಗೂ ವರ್ಷವೊಂದಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕೊಡಬೇಕೆಂದು ಕಲಂ ಹೇಳುತ್ತದೆ. ಕಡಿಮೆ ಪ್ರಸಾರವುಳ್ಳ ಭಾಷೆಗಳಿಗೆ ಈ ಕನಿಷ್ಠ ಸಂಖ್ಯೆಯನ್ನು ಇಳಿಸಲು ಅವಕಾಶವಿದೆ. ಲೆಕ್ಕದ ಅನುಕೂಲಕ್ಕಾಗಿ ಹಾಡೊಂದಕ್ಕೆ ಪ್ರತಿಯೊಂದರ ರಾಯಲ್ಟಿ 50 ಪೈಸೆ ಎಂದು ಭಾವಿಸಿದರೆ ಹಾಡೊಂದಕ್ಕೆ 25,000 ರೂಪಾಯಿ, ಎಂಟು ಹಾಡುಗಳಿಗೆ 2,00,000 ರೂಪಾಯಿ ಆಗುತ್ತದೆ. ತಯಾರಿಸುವುದು ಕೇವಲ 1,000 ಪ್ರತಿಗಳಾದರೆ ಪ್ರತಿಯೊಂದರ ಮೇಲೆ ರಾಯಲ್ಟಿಯ ಹೊರೆಯೇ 200 ರೂಪಾಯಿ. ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳದವರು ಬೆಲೆಪಟ್ಟಿ ಮುದ್ರಿಸಿದ ಮೇಲೆ ಪರಿತಪಿಸಬೇಕಾಗುತ್ತದೆ.

ಇದೇ ತಿದ್ದುಪಡಿಯು ಕವಿ ಮತ್ತು ಸಂಯೋಜಕರಿಗೂ ನ್ಯಾಯ ಒದಗಿಸಿತು. ನಿರ್ಮಾಪಕರು ಹಣ ಕೊಟ್ಟು ಬರೆಸಿದ ಚಿತ್ರಗೀತೆಯ ಹಕ್ಕು ನಿರ್ಮಾಪಕರದೇ ಎಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಮಾನಿಸಿದ ಮೇಲೆ, ಹಾಡು ಎಷ್ಟೇ ಗಳಿಸಿದರೂ ಅದನ್ನು ರಚಿಸಿದವರಿಗೆ ಮುಂದಿನ ಗಳಿಕೆಯಲ್ಲಿ ಪಾಲು ದೊರೆಯುವುದು ಕಷ್ಟವಾಗಿತ್ತು. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಚಿತ್ರಮಂದಿರದ ಪ್ರದರ್ಶನದ ಹೊರಗಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕರ್ತೃಗಳು ಬಿಟ್ಟುಕೊಡುವಂತಿಲ್ಲ ಎಂದು 2012ರಲ್ಲಿ ಕಾನೂನಾಯಿತು. ಈ ರಾಯಲ್ಟಿಯನ್ನು ಸಂಗ್ರಹಿಸಿ ಹಂಚಲು 1969ರಲ್ಲಿ ಸ್ಥಾಪನೆಯಾದ ಐ.ಪಿ.ಆರ್.ಎಸ್. ಎಂಬ ಕರ್ತೃಗಳ ಸಂಘವಿದೆ.

ಕಾರ್ಖಾನೆಯಲ್ಲಿ ಯಾವುದು ಸರಿ, ಯಾವುದಕ್ಕೆ ಅನುಮತಿ?

ಸೋಂಪುರದಂತಹ ಕೈಗಾರಿಕಾ ಪ್ರದೇಶದ ಉದ್ಯಮಿಗೆ ಎದುರಾಗಬಹುದಾದ ಸಂದರ್ಭಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಮೊದಲನೆಯದು, ಪೂಜೆ. ನಿಜವಾದ ಧಾರ್ಮಿಕ ಸಮಾರಂಭದ ಅಂಗವಾಗಿ ಹಾಡುವುದು ಅಥವಾ ಧ್ವನಿಮುದ್ರಣವನ್ನು ಕೇಳಿಸುವುದು ಉಲ್ಲಂಘನೆಯಲ್ಲ ಎಂದು ಕಲಂ 52(1)(ಜೆಡ್‌ಎ) ಹೇಳುತ್ತದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಇದರಲ್ಲಿ ಸೇರಿವೆ. ಆಯುಧಪೂಜೆಯ ಭಕ್ತಿಗೀತೆ, ಚರ್ಚಿನ ಆರಾಧನೆಯ ಕೀರ್ತನೆ ಇವು ಈ ರಕ್ಷಣೆಯೊಳಗೆ ಬರುತ್ತವೆ. ಆದರೆ ರಕ್ಷಣೆ ಇರುವುದು ಹಾಡುವುದಕ್ಕೆ ಮತ್ತು ಕೇಳಿಸುವುದಕ್ಕೆ ಮಾತ್ರ. ಆ ಹಾಡನ್ನು ಧ್ವನಿಮುದ್ರಿಸಿ ಮಾರುವುದಕ್ಕೆ ಅಲ್ಲ.

ಎರಡನೆಯದು, ವಾರ್ಷಿಕೋತ್ಸವ ಮತ್ತು ರಾಜ್ಯೋತ್ಸವದ ವಾದ್ಯಗೋಷ್ಠಿ. ಖಾಸಗಿ ಸಂಸ್ಥೆಯು ನಡೆಸುವ ಇಂತಹ ಸಮಾರಂಭವು ಧಾರ್ಮಿಕವೂ ಅಲ್ಲ, ಸರ್ಕಾರದ್ದೂ ಅಲ್ಲ. ಹವ್ಯಾಸಿ ಸಂಘವೊಂದು ಶುಲ್ಕವಿಲ್ಲದೆ ಸಭಿಕರ ಮುಂದೆ ಹಾಡುವುದಕ್ಕೆ ವಿನಾಯಿತಿ ಇದೆ. ಹಣ ಕೊಟ್ಟು ಕರೆಸಿದ ವಾದ್ಯಗೋಷ್ಠಿಗೆ ಪರವಾನಗಿಯನ್ನು ಯಾರು ಪಡೆಯುತ್ತಾರೆ ಎಂಬುದನ್ನು ಆಯೋಜಕರು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಬೇಕು.

ಮೂರನೆಯದು, ಜಾಹೀರಾತು. ಹಬ್ಬದ ರಿಯಾಯಿತಿ ಮಾರಾಟಕ್ಕೆ ಜನಪ್ರಿಯ ಹಾಡಿನ ಧಾಟಿಯಲ್ಲಿ ಅಂಗಡಿಯ ಹೆಸರನ್ನು ಸೇರಿಸಿ ಆಟೋದಲ್ಲಿ ಕೂಗಿಸುವುದು, ಉತ್ಪನ್ನದ ವಿಡಿಯೋ ಹಿನ್ನೆಲೆಗೆ ಹಳೆಯ ಹಾಡನ್ನು ಬಳಸಿ ವಾಟ್ಸಾಪ್, ಯೂಟ್ಯೂಬುಗಳಲ್ಲಿ ಹರಡುವುದು ಇವು ಶುದ್ಧ ವಾಣಿಜ್ಯ ಬಳಕೆ. ಸಾಹಿತ್ಯದಲ್ಲಿ ದೇವರ ಹೆಸರು ಬಂದರೂ ವ್ಯತ್ಯಾಸವಾಗದು. ಯೂಟ್ಯೂಬಿನಲ್ಲಿ ಧ್ವನಿಯನ್ನು ಯಂತ್ರವೇ ಹೋಲಿಸಿ ಗುರುತಿಸುವ ವ್ಯವಸ್ಥೆ ಇರುವುದರಿಂದ ಸಣ್ಣ ಊರಿನ ವಿಡಿಯೋ ಯಾರ ಕಣ್ಣಿಗೂ ಬೀಳದು ಎಂಬ ಕಾಲ ಮುಗಿದಿದೆ.

ನಾಲ್ಕನೆಯದು, ಹಾಡು ತುಂಬಿದ ಉಪಕರಣ. ಧ್ವನಿಸುರುಳಿಯ ಕಾಲ ಮುಗಿದ ಮೇಲೆ ಮಂತ್ರ, ಭಜನೆ, ಕೀರ್ತನೆಗಳನ್ನು ತುಂಬಿದ ಪುಟ್ಟ ಪೆಟ್ಟಿಗೆಗಳು ಜಾತ್ರೆಯ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಇವುಗಳಿಗೆ ನಿಜವಾದ ಮಾರುಕಟ್ಟೆ ಇದೆ. ಹಿಂದಿನ ಗ್ರಾಮಫೋನ್ ಕಂಪನಿಯೇ ಆದ ಸಾರೆಗಾಮ ಸಂಸ್ಥೆಯು 5,000 ಹಳೆಯ ಹಾಡುಗಳನ್ನು ತುಂಬಿದ 'ಕಾರವಾನ್' ಎಂಬ ಉಪಕರಣವನ್ನು 2017ರಲ್ಲಿ ಬಿಡುಗಡೆ ಮಾಡಿ ಯಶಸ್ವಿಯಾಯಿತು. ಆದರೆ ಹಾಡುಗಳ ಭಂಡಾರ ಆ ಸಂಸ್ಥೆಯ ಸ್ವಂತದ್ದಾಗಿತ್ತು ಎಂಬುದನ್ನು ಮರೆಯಬಾರದು. ಹೊರಗಿನಿಂದ ಚಿಪ್ಪು ತರಿಸಿ ಇಲ್ಲಿ ಜೋಡಿಸುವ ಸಣ್ಣ ತಯಾರಕರು, ಚಿಪ್ಪಿನಲ್ಲಿ ಮೊದಲೇ ತುಂಬಿರುವ ಹಾಡುಗಳ ಪರವಾನಗಿ ಪತ್ರವನ್ನು ಸರಬರಾಜುದಾರರಿಂದ ಕೇಳಿ ಪಡೆಯದಿದ್ದರೆ ಹೊಣೆಯ ಒಂದು ಭಾಗ ಅವರ ಹೆಗಲಿಗೇ ಬರುತ್ತದೆ.

ಹೊಣೆ ಎಂದರೆ ಕೇವಲ ಹಣದ ನಷ್ಟವಲ್ಲ. ಕಲಂ 63ರ ಪ್ರಕಾರ ತಿಳಿದೂ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2,00,000 ರೂಪಾಯಿವರೆಗೆ ದಂಡ. ಇದು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ, ಜಾಮೀನು ರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ 2022ರಲ್ಲಿ ಸ್ಪಷ್ಟಪಡಿಸಿದೆ. ಕಂಪನಿಯು ತಪ್ಪಿತಸ್ಥವಾದರೆ ವ್ಯವಹಾರದ ಉಸ್ತುವಾರಿ ಹೊತ್ತವರೂ ಉತ್ತರಿಸಬೇಕಾಗುತ್ತದೆ.

ಅನುಮತಿ ಪತ್ರ ಮತ್ತು ಲೆಕ್ಕಪತ್ರ

ಅನುಮತಿ ಪಡೆಯುವಾಗ 'ಹಾಡು ಬಳಸಿಕೊಳ್ಳಿ' ಎಂಬ ಬಾಯಿಮಾತು ಸಾಲದು. ಪರವಾನಗಿ ಲಿಖಿತವಾಗಿರಬೇಕು. ಯಾವ ಕೃತಿ, ಯಾವ ಮಾಧ್ಯಮ, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದನ್ನು ನಮೂದಿಸಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ಹೊರದೇಶಗಳಿಗೆ ಸರಕು ಕಳುಹಿಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸಾಹಿತ್ಯ ಬದಲಾವಣೆಗೆ ಒಪ್ಪಿಗೆ ಇದೆ ಎಂಬ ಸಾಲು ಪತ್ರದಲ್ಲಿ ಪ್ರತ್ಯೇಕವಾಗಿ ಇರಲೇಬೇಕು. ಏಕೆಂದರೆ ಹಕ್ಕನ್ನು ಮಾರಿದ ಮೇಲೆಯೂ ತನ್ನ ಕೃತಿಯನ್ನು ಗೌರವಕ್ಕೆ ಧಕ್ಕೆ ಬರುವಂತೆ ವಿರೂಪಗೊಳಿಸುವುದನ್ನು ತಡೆಯುವ ಅಧಿಕಾರ ಕಲಂ 57ರ ಅನ್ವಯ ಕರ್ತೃವಿನಲ್ಲಿಯೇ ಉಳಿಯುತ್ತದೆ.

ಧ್ವನಿಮುದ್ರಣ ಶಾಲೆ ಅಥವಾ ಜಾಹೀರಾತು ಸಂಸ್ಥೆಯಿಂದ ಕೆಲಸ ಮಾಡಿಸಿದರೆ, ಧಾಟಿ ಸ್ವಂತದ್ದೆಂದು ಅವರಿಂದ ಲಿಖಿತ ಭರವಸೆಯನ್ನೂ, ತಕರಾರು ಬಂದರೆ ನಷ್ಟ ತುಂಬಿಕೊಡುವ ಷರತ್ತನ್ನೂ ಪಡೆಯುವುದು ಲೇಸು. ರಾಯಲ್ಟಿ ಪಾವತಿಯ ಮೇಲೆ ಮೂಲದಲ್ಲಿಯೇ ಆದಾಯ ತೆರಿಗೆ ಕಡಿತದ ನಿಯಮಗಳು ಅನ್ವಯಿಸುತ್ತವೆ. ಸಂಗೀತ ಸಂಯೋಜಕರು ತಮ್ಮ ಮೂಲ ಕೃತಿಯ ಹಕ್ಕನ್ನು ಸಂಗೀತ ಕಂಪನಿ, ನಿರ್ಮಾಪಕ ಮುಂತಾದವರಿಗೆ ನೀಡಿದಾಗ ಜಿ.ಎಸ್.ಟಿ.ಯನ್ನು ಪಡೆದವರೇ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಸಲ್ಲಿಸಬೇಕಾಗುತ್ತದೆ. ಇದನ್ನು ಮರೆತು ಲೆಕ್ಕ ಮುಗಿಸಿದರೆ ತಪಾಸಣೆಯ ಸಮಯದಲ್ಲಿ ಬಡ್ಡಿಯೊಡನೆ ತೆರಬೇಕಾದೀತು.

ಇಷ್ಟೆಲ್ಲ ಓದಿದ ಮೇಲೆ ಭಕ್ತಿಗೀತೆಯ ಸಹವಾಸವೇ ಬೇಡ ಎಂದು ಉದ್ಯಮಿಗಳು ಹಿಂಜರಿಯಬೇಕಾಗಿಲ್ಲ. ಹಕ್ಕಿನ ಅವಧಿ ಮುಗಿದ ಧಾಟಿಗಳಿವೆ. ಊರೂರಿನ ಸೋಬಾನೆ ಮತ್ತು ಭಜನೆಯ ಮಟ್ಟುಗಳಿವೆ. ಹಾರ್ಮೋನಿಯಂ, ಕೀಬೋರ್ಡ್ ಬಲ್ಲ ಸ್ಥಳೀಯ ಕಲಾವಿದರಿಂದ ಹೊಸ ಧಾಟಿಯನ್ನೇ ಮಾಡಿಸಿ, ಹಕ್ಕನ್ನು ಲಿಖಿತವಾಗಿ ಪಡೆದು, ಅವರಿಗೆ ಸಲ್ಲಬೇಕಾದುದನ್ನು ಚೆಕ್ಕಿನ ಮೂಲಕ ಕೊಟ್ಟರೆ ಹಾಡು ಸಂಸ್ಥೆಯ ಸ್ವತ್ತಾಗುತ್ತದೆ. ಮುಂದೆ ಬೇರೆಯವರು ಅದನ್ನು ಕೇಳಿದರೆ ಅದರಿಂದಲೇ ಆದಾಯವೂ ಬಂದೀತು. 'ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು' ಎಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ.

ಮುಂದಿನ ಆಯುಧಪೂಜೆಗೆ ಸೋಂಪುರದ ಕಾರ್ಖಾನೆಗಳಲ್ಲಿ ಹಳೆಯ ಧಾಟಿಯ ಹೊಸ ಭಕ್ತಿಗೀತೆಗಳು ಮತ್ತೆ ಮೊಳಗಲಿವೆ. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಮರುದಿನ ಅದೇ ಹಾಡನ್ನು ಮಾರಾಟದ ಸರಕಿನೊಡನೆ ಹೊರಗೆ ಕಳುಹಿಸುವ ಮುನ್ನ ಮಾತ್ರ, ಧಾಟಿಯ ಖರೀದಿಗೆ ಸಂಬಂಧಿಸಿದ ಕಾಗದವು ಕಡತದಲ್ಲಿದೆಯೇ ಎಂದು ನೋಡಿಕೊಳ್ಳುವುದು ಪ್ರತಿಯೊಬ್ಬ ವರ್ತಕರ ಕರ್ತವ್ಯ.